ಅಟ್ಲಾಂಟಿಕ್ ಮೈತ್ರಿ: ಬರೆದ ಮಾತು, ನಡೆದ ರೂಢಿ



ಅಮೆರಿಕ ಮತ್ತು ಯೂರೋಪಿನ ಮೈತ್ರಿ ಮುರಿದುಬೀಳುತ್ತಿದೆ ಎಂಬ ಮಾತು ಈಗ ಪತ್ರಿಕೆಗಳಲ್ಲೂ ಟಿ.ವಿ. ಚರ್ಚೆಗಳಲ್ಲೂ ದಿನನಿತ್ಯದ್ದಾಗಿದೆ. 1949ರಲ್ಲಿ ಅಮೆರಿಕ ಯೂರೋಪಿನ ರಕ್ಷಣೆಯ ಹೊಣೆಯನ್ನು ಶಾಶ್ವತವಾಗಿ ಹೊತ್ತುಕೊಂಡಿತ್ತು, ಈಗ ಕೈಬಿಡುತ್ತಿದೆ ಎಂಬ ನಂಬಿಕೆ ಆ ಮಾತಿನ ಬುಡದಲ್ಲಿದೆ. ದಾಖಲೆಗಳು ಬೇರೆಯೇ ಹೇಳುತ್ತವೆ. ಅಂಥ ಮಾತನ್ನು ಅಮೆರಿಕ ಆಗ ಕೊಡಲೇ ಇಲ್ಲ. ಯೂರೋಪು ಬೇಗ ತನ್ನ ಕಾಲ ಮೇಲೆ ನಿಲ್ಲಬೇಕು ಎಂಬುದು ಮೈತ್ರಿ ಕಟ್ಟಿದವರ ಆಸೆಯಾಗಿತ್ತು. ಆದ್ದರಿಂದ ಯಾರು ಎಷ್ಟು ಖರ್ಚು ಹೊರಬೇಕು ಎಂಬ ಜಗಳದಿಂದ ಈ ಮೈತ್ರಿ ಸಾಯುವುದಿಲ್ಲ ಎಂಬುದು ನನ್ನ ವಾದ. ಅದನ್ನು ಕೊಲ್ಲಬಲ್ಲ ಕಾಯಿಲೆ ಬೇರೆ ಇದೆ.

1778ರಲ್ಲಿ ಫ್ರಾನ್ಸಿನೊಡನೆ ಮಾಡಿಕೊಂಡಿದ್ದ ಮೈತ್ರಿ 1800ರಲ್ಲಿ ಕೊನೆಗೊಂಡ ಮೇಲೆ ಸುಮಾರು ಒಂದೂವರೆ ಶತಮಾನ ಅಮೆರಿಕ ಶಾಂತಿಕಾಲದಲ್ಲಿ ಯೂರೋಪಿನ ಯಾರೊಂದಿಗೂ ಸೈನಿಕ ಮೈತ್ರಿಗೆ ಇಳಿಯಲಿಲ್ಲ. ಅಧ್ಯಕ್ಷ ವಿಲ್ಸನ್ ಮುಂದೆ ನಿಂತು ಕಟ್ಟಿಸಿದ ರಾಷ್ಟ್ರಗಳ ಸಂಘಕ್ಕೂ ಅವರದೇ ದೇಶದ ಸೆನೆಟ್ ಒಪ್ಪಿಗೆ ಕೊಡಲಿಲ್ಲ. ಈ ನೆನಪು 1949ರ ಸಂಧಾನಕಾರರ ಮನಸ್ಸಿನಲ್ಲಿ ಹಸಿಯಾಗಿತ್ತು. ಅದರ ಹಿಂದಿನ ವರ್ಷ ಬ್ರಿಟನ್, ಫ್ರಾನ್ಸ್ ಮತ್ತು ಮೂರು ನೆರೆದೇಶಗಳು ಬ್ರಸೆಲ್ಸ್‌ನಲ್ಲಿ ಮಾಡಿಕೊಂಡ ಒಪ್ಪಂದ, ದಾಳಿಗೆ ಸಿಕ್ಕಿದ ಮಿತ್ರನಿಗೆ ಕೈಲಾದ ಎಲ್ಲ ಸೈನಿಕ ನೆರವನ್ನೂ ಕೊಡಲೇಬೇಕೆಂದು ಕಟ್ಟುಹಾಕಿತ್ತು. ಅಷ್ಟೇ ಬಿಗಿಯಾದ ಮಾತು ವಾಷಿಂಗ್ಟನ್ನಿನಲ್ಲೂ ಸಿಗಲೆಂದು ಯೂರೋಪಿನವರು ಬಯಸಿದರು. ಯುದ್ಧ ಸಾರುವ ಅಧಿಕಾರ ಕಾಂಗ್ರೆಸ್ಸಿನದು, ಅದನ್ನು ಮುಂಚಿತವಾಗಿ ಬರೆದುಕೊಡಲಾಗದು ಎಂದು ಸೆನೆಟರುಗಳಾದ ಕಾನಲಿ ಮತ್ತು ವ್ಯಾಂಡೆನ್‌ಬರ್ಗ್ ಪಟ್ಟುಹಿಡಿದರು. ಹೀಗಾಗಿ ನ್ಯಾಟೊವನ್ನು ಹುಟ್ಟುಹಾಕಿದ ವಾಷಿಂಗ್ಟನ್ ಒಪ್ಪಂದದ 5ನೇ ವಿಧಿ, ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎಂದು ಗಟ್ಟಿಯಾಗಿ ಶುರುವಾಗಿ, ಪ್ರತಿ ದೇಶವೂ ತನಗೆ ಅಗತ್ಯವೆಂದು ತೋರಿದ ಕ್ರಮ ಕೈಗೊಳ್ಳುತ್ತದೆ ಎಂಬಲ್ಲಿಗೆ ಬಂದು ಸಡಿಲಾಗುತ್ತದೆ. ಸೈನ್ಯ ಕಳಿಸಬಹುದು, ಕಳಿಸಲೇಬೇಕೆಂದಿಲ್ಲ. 1949ರ ಏಪ್ರಿಲ್‌ನಲ್ಲಿ ವಿದೇಶಾಂಗ ಕಾರ್ಯದರ್ಶಿ ಡೀನ್ ಅಚೆಸನ್ ಸೆನೆಟ್ ಸಮಿತಿಯ ಮುಂದೆ ಹಾಜರಾದಾಗ, ಇದರಿಂದ ನಾವು ಯೂರೋಪಿಗೆ ದೊಡ್ಡ ಸಂಖ್ಯೆಯಲ್ಲಿ ಕಾಯಂ ಆಗಿ ಸೈನಿಕರನ್ನು ಕಳಿಸಬೇಕಾಗುತ್ತದೆಯೇ ಎಂದು ಸೆನೆಟರ್ ಹಿಕೆನ್‌ಲೂಪರ್ ಕೇಳಿದರು. ಖಂಡಿತ ಇಲ್ಲ ಎಂಬುದು ಅಚೆಸನ್ ಕೊಟ್ಟ ಉತ್ತರ. ಕೊರಿಯಾದಲ್ಲಿ ಯುದ್ಧ ಹೊತ್ತಿಕೊಂಡ ಮೇಲೆ, 1951ರಲ್ಲಿ, ಅಧ್ಯಕ್ಷ ಟ್ರೂಮನ್ ಇನ್ನೂ 4 ಡಿವಿಷನ್‌ಗಳನ್ನು ಯೂರೋಪಿಗೆ ಕಳಿಸಿದರು. ಮೈತ್ರಿಪಡೆಯ ಮೊದಲ ಮಹಾದಂಡನಾಯಕರಾಗಿ ಹೋದ ಐಸೆನ್‌ಹೋವರ್, 10 ವರ್ಷದೊಳಗೆ ನಮ್ಮ ಸೈನಿಕರೆಲ್ಲ ಮನೆಗೆ ಮರಳದಿದ್ದರೆ ಈ ಯೋಜನೆಯೇ ಸೋತಂತೆ ಎಂದು ಆ ವರ್ಷ ಒಂದು ಪತ್ರದಲ್ಲಿ ಬರೆದರು. ಆ ಹತ್ತು ವರ್ಷ ಕಳೆಯಿತು. ಲಕ್ಷಗಟ್ಟಲೆ ಸೈನಿಕರು ಅಲ್ಲೇ ಉಳಿದರು. ಒಪ್ಪಂದದಲ್ಲಿ ಬರೆಯದೇ ಬಿಟ್ಟಿದ್ದು ರೂಢಿಯಿಂದ ಬಂತು.

ಅಕ್ಷರಕ್ಕಿರುವ ಮಿತಿಯನ್ನು ನಮ್ಮ ಕರಾವಳಿಯೂ ಕಂಡಿದೆ. ಪೋರ್ಚುಗಲ್ ನ್ಯಾಟೊದ 12 ಸ್ಥಾಪಕ ದೇಶಗಳಲ್ಲೊಂದು. 1955ರಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಡಲೆಸ್, ಗೋವೆಯನ್ನು ಪೋರ್ಚುಗಲ್ಲಿನ ಪ್ರಾಂತ್ಯವೆಂದು ಕರೆದ ಜಂಟಿ ಹೇಳಿಕೆಗೆ ಕೈಜೋಡಿಸಿ ಭಾರತವನ್ನು ಕೆರಳಿಸಿದ್ದರು. ಆದರೆ ಒಪ್ಪಂದದ 6ನೇ ವಿಧಿ ರಕ್ಷಣೆಯ ವ್ಯಾಪ್ತಿಯನ್ನು ಕರ್ಕಾಟಕ ವೃತ್ತದ ಉತ್ತರದ ಅಟ್ಲಾಂಟಿಕ್ ಪ್ರದೇಶಕ್ಕೆ ಕಟ್ಟಿಹಾಕಿತ್ತು. 1961ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಕಡೆಯಿಂದ ನಮ್ಮ ಸೈನ್ಯ ಗೋವೆಯೊಳಕ್ಕೆ ನಡೆದಾಗ, ಕಾರವಾರದ ಎದುರಿನ ಅಂಜದೀವ್ ದ್ವೀಪ ನಮ್ಮ ವಶವಾದಾಗ, ಪೋರ್ಚುಗಲ್ಲಿಗೆ ಮಿತ್ರರಿಂದ ಸಿಕ್ಕಿದ್ದು ಭದ್ರತಾ ಮಂಡಳಿಯಲ್ಲಿ ಬಾಯಿಮಾತಿನ ಬೆಂಬಲ ಮಾತ್ರ.

ಬರಹ ಇಷ್ಟು ಸಡಿಲವಾಗಿದ್ದರೆ ಮೈತ್ರಿ 75 ವರ್ಷ ಬಾಳಿದ್ದು ಹೇಗೆ ಎಂದು ನೀವು ಕೇಳಬಹುದು. ಒಂದೇ ದಂಡನಾಯಕತ್ವ, ಒಟ್ಟಿಗೆ ನಡೆಸಿದ ತಾಲೀಮು, ಒಬ್ಬರ ಬಂದೂಕಿಗೆ ಇನ್ನೊಬ್ಬರ ಗುಂಡು ಕೂರುವಂತೆ ಮಾಡಿಕೊಂಡ ಅಳತೆಗಳು, ಇವು ವರ್ಷದಿಂದ ವರ್ಷಕ್ಕೆ ನಂಬಿಕೆಯನ್ನು ಬೆಳೆಸಿದವು. ಜಗಳಗಳಿಗೇನೂ ಕಡಿಮೆ ಇರಲಿಲ್ಲ. 1956ರಲ್ಲಿ ಸೂಯೆಜ್‌ನಿಂದ ಹಿಂದೆ ಸರಿಯುವಂತೆ, ಆಗ ಅಧ್ಯಕ್ಷರಾಗಿದ್ದ ಐಸೆನ್‌ಹೋವರ್ ಬ್ರಿಟನ್ನಿನ ಕೈ ತಿರುಚಿದರು. 1966ರಲ್ಲಿ ಅಧ್ಯಕ್ಷ ದ ಗಾಲ್ ಫ್ರಾನ್ಸನ್ನು ಜಂಟಿ ದಂಡನಾಯಕತ್ವದಿಂದ ಹೊರತಂದರು. ಫ್ರಾನ್ಸ್ ಮರಳಿದ್ದು 2009ರಲ್ಲಿ. ಯೂರೋಪಿನಲ್ಲಿರುವ ಸೈನಿಕರನ್ನು ಅರ್ಧಕ್ಕಿಳಿಸಬೇಕೆಂದು ಸೆನೆಟರ್ ಮ್ಯಾನ್ಸ್‌ಫೀಲ್ಡ್ 1971ರಲ್ಲೇ ತಿದ್ದುಪಡಿ ತಂದು ಸೋತರು. ಹಣದ ತಗಾದೆ ಇಂದು ನಿನ್ನೆಯದಲ್ಲ. 2025ರ ಜೂನ್‌ನಲ್ಲಿ ಹೇಗ್‌ನಲ್ಲಿ ಸದಸ್ಯ ದೇಶಗಳು 2035ರ ಹೊತ್ತಿಗೆ ಒಟ್ಟು ಆಂತರಿಕ ಉತ್ಪನ್ನದ ಶೇ 5ರಷ್ಟನ್ನು, ಅಂದರೆ ನೇರ ರಕ್ಷಣೆಗೆ ಶೇ 3.5 ಮತ್ತು ಸಂಬಂಧಿತ ಕೆಲಸಗಳಿಗೆ ಶೇ 1.5ನ್ನು, ತೆಗೆದಿಡಲು ಒಪ್ಪಿದ್ದನ್ನು ನಾನು ಐಸೆನ್‌ಹೋವರ್ ಅವರ ಆಸೆ ತಡವಾಗಿ ಕೈಗೂಡುತ್ತಿರುವುದೆಂದೇ ಓದುತ್ತೇನೆ. ಅಮೆರಿಕದ ಉಪಗ್ರಹ, ಅಣ್ವಸ್ತ್ರಗಳಿಲ್ಲದೆ ಯೂರೋಪು ನಿಲ್ಲಲಾರದು ಎಂಬ ಆಕ್ಷೇಪದಲ್ಲಿ ಹುರುಳಿದೆ; ಬ್ರಿಟನ್ ಮತ್ತು ಫ್ರಾನ್ಸಿನ ಅಣ್ವಸ್ತ್ರ ಆ ಜಾಗವನ್ನು ಸುಲಭವಾಗಿ ತುಂಬುವುದಿಲ್ಲ. ಹೊರೆ ಕೈಬದಲಾಗುವುದು ನಿಧಾನವಾಗಿ, ಮಾತಾಡಿಕೊಂಡು ಆಗಬೇಕು ಎಂದಷ್ಟೇ ಅದರ ಅರ್ಥ. ಮೊದಲಿನಿಂದಲೂ ಅಮೆರಿಕದವರೇ ಕೂರುತ್ತಿರುವ ಮಹಾದಂಡನಾಯಕನ ಕುರ್ಚಿಯಲ್ಲಿ ಮುಂದೊಮ್ಮೆ ಯೂರೋಪಿನವರು ಕೂತರೆ ನಾನು ಅದನ್ನು ಸಾವೆಂದು ಕರೆಯಲಾರೆ.

ನಮ್ಮ ದೇಶದಲ್ಲಿ ಹೆಚ್ಚು ಕೇಳಿಬರುವ ಆಕ್ಷೇಪ ಬೇರೆ: ಪೂರ್ವಕ್ಕೆ ಹಬ್ಬಿದ ನ್ಯಾಟೊವೇ ರಷ್ಯಾವನ್ನು ಯುದ್ಧಕ್ಕೆ ತಳ್ಳಿತು ಎಂಬುದು. ಇದನ್ನು ತಳ್ಳಿಹಾಕುವಂತಿಲ್ಲ. ಸೋವಿಯತ್ ತಡೆಯ ನೀತಿಯ ಮೂಲಪುರುಷ ಜಾರ್ಜ್ ಕೆನ್ನನ್ ಅವರೇ 1997ರಲ್ಲಿ ಆ ವಿಸ್ತರಣೆಯನ್ನು ದೊಡ್ಡ ತಪ್ಪೆಂದರು. ಆದರೆ ರಷ್ಯಾದೊಂದಿಗೆ 1,300 ಕಿ.ಮೀ.ಗೂ ಹೆಚ್ಚು ಉದ್ದದ ಗಡಿಯಿರುವ ಫಿನ್ಲೆಂಡ್ ಶೀತಲ ಸಮರದುದ್ದಕ್ಕೂ ಹೊರಗೇ ಉಳಿದು, 2022ರಲ್ಲಿ ಉಕ್ರೇನಿನ ಮೇಲೆ ಪೂರ್ಣ ದಾಳಿಯಾದ ನಂತರ, 2023ರ ಏಪ್ರಿಲ್‌ನಲ್ಲಿ ಸೇರಿತು. ಮರುವರ್ಷ ಸ್ವೀಡನ್ ಸೇರಿ ಸದಸ್ಯರು 32 ಆದರು. ಈ ಎರಡೂ ದೇಶಗಳನ್ನು ಯಾರೂ ಎಳೆದು ತರಲಿಲ್ಲ, ಭಯವೇ ಅವನ್ನು ಒಳಗೆ ತಂದಿತು.

ಇನ್ನು ನಾನು ಮೊದಲು ಹೇಳಿದ ಕಾಯಿಲೆ. 5ನೇ ವಿಧಿ ಜಾರಿಗೆ ಬಂದದ್ದು ಒಂದೇ ಸಲ, 2001ರ ಸೆಪ್ಟೆಂಬರ್ ದಾಳಿಯ ಮರುದಿನ, ಅದೂ ಅಮೆರಿಕದ ಪರವಾಗಿ. ಸುಮಾರು 60 ಲಕ್ಷ ಜನರ ಡೆನ್ಮಾರ್ಕ್ ಆ ಬಳಿಕ ಅಫ್ಗಾನಿಸ್ತಾನದ ಹೆಲ್ಮಂಡ್‌ಗೆ ತನ್ನ ಸೈನಿಕರನ್ನು ಕಳಿಸಿತು. 40ಕ್ಕೂ ಹೆಚ್ಚು ಮಂದಿ ಜೀವಂತ ಮರಳಲಿಲ್ಲ. ಅದೇ ಡೆನ್ಮಾರ್ಕಿನ ಆಡಳಿತಕ್ಕೆ ಸೇರಿದ ಗ್ರೀನ್‌ಲ್ಯಾಂಡ್ ತನಗೆ ಬೇಕೆಂದು ಅಮೆರಿಕದ ಅಧ್ಯಕ್ಷರು ಹಟಹಿಡಿದು, ಬಲಪ್ರಯೋಗದ ಸಾಧ್ಯತೆಯನ್ನೂ 2025ರಲ್ಲಿ ತಳ್ಳಿಹಾಕಲಿಲ್ಲ. ಸೈನಿಕ ಅಗತ್ಯ ಎನ್ನೋಣವೆಂದರೆ 1951ರ ಒಪ್ಪಂದದಂತೆ ಅಲ್ಲಿ ಅಮೆರಿಕದ ನೆಲೆ ಮೊದಲೇ ಇದೆ. ಖರ್ಚಿನ ಲೆಕ್ಕ ಕೇಳುವ ಮಿತ್ರನನ್ನು ಸಹಿಸಿಕೊಳ್ಳಬಹುದು. ಮನೆಯ ಹಿತ್ತಿಲನ್ನೇ ಕೇಳುವವನ ಪಕ್ಕ ನಿಶ್ಚಿಂತೆಯಿಂದ ಮಲಗುವುದು ಹೇಗೆ? ಸೆನೆಟ್ಟಿನ ಮೂರನೇ ಎರಡು ಬಹುಮತ ಅಥವಾ ಕಾಂಗ್ರೆಸ್ಸಿನ ಕಾನೂನು ಇಲ್ಲದೆ ಅಧ್ಯಕ್ಷರು ನ್ಯಾಟೊ ತೊರೆಯುವಂತಿಲ್ಲ ಎಂಬ ಶಾಸನ 2023ರ ಡಿಸೆಂಬರ್‌ನಲ್ಲಿ ಆಗಿದೆ. ಸದಸ್ಯತ್ವವನ್ನು ಅದು ಕಾಯಬಲ್ಲದು. ನಂಬಿಕೆಯನ್ನು ಕಾಯಲು ಯಾವ ಶಾಸನಕ್ಕೂ ಆಗದು.

ರಾಜ್ಯಶಾಸ್ತ್ರದ ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ಕೋರಿಕೆ. ವಾಷಿಂಗ್ಟನ್ ಒಪ್ಪಂದದಲ್ಲಿರುವುದು 14 ವಿಧಿಗಳು, ಕೆಲವೇ ಪುಟ. ಟಿ.ವಿ. ಚರ್ಚೆಯಲ್ಲಿ ಕೇಳಿದ್ದನ್ನು ಬದಿಗಿಟ್ಟು, ಆ ಪಠ್ಯವನ್ನು ಕನ್ನಡಕ್ಕೆ ತಂದು, ಈ ವರ್ಷ ನಿಮ್ಮ ತರಗತಿಯಲ್ಲಿ ವಿದ್ಯಾರ್ಥಿಗಳೊಂದಿಗೆ ಕೂತು ಸಾಲು ಸಾಲಾಗಿ ಓದಿ.