ಅಂಚೆಚೀಟಿಯೂ ನಮ್ಮ ಮನೆಯ ಪೆಟ್ಟಿಗೆಯೂ



ರಾಷ್ಟ್ರನಾಯಕರ ಭಾವಚಿತ್ರಗಳುಳ್ಳ ಅಂಚೆಚೀಟಿಗಳ ಸಂಗ್ರಹವನ್ನು ಮಕ್ಕಳಾಟವೆಂದು ತಿಳಿಯುವವರುಂಟು. ತುರೋರಿಯವರಾದ ನಮಗೆ ಅದು ನೆಲದ ಚರಿತ್ರೆಯೇ ಸರಿ.

ಸ್ವತಂತ್ರ ಭಾರತವು 1948ರ ಆಗಸ್ಟ್ 15ರಂದು ಮಹಾತ್ಮಾ ಗಾಂಧಿಯವರ ಚಿತ್ರವುಳ್ಳ ನಾಲ್ಕು ಚೀಟಿಗಳನ್ನು ಹೊರತಂದಿತು. ಒಂದೂವರೆ ಆಣೆ, ಮೂರೂವರೆ ಆಣೆ, ಹನ್ನೆರಡು ಆಣೆ, ಹತ್ತು ರೂಪಾಯಿ ಅವುಗಳ ಬೆಲೆ. ಸ್ವಿಟ್ಜರ್ಲೆಂಡಿನಲ್ಲಿ ಅಚ್ಚಾದ ಅವುಗಳ ಮೇಲೆ ‘ಬಾಪೂ’ ಎಂಬ ಹೆಸರು ನಾಗರಿಯಲ್ಲಿಯೂ ಉರ್ದುವಿನಲ್ಲಿಯೂ ಇದೆ. ಆದರೆ ಅಂದು ಉಮರ್ಗಾ, ನಿಲಂಗಾ, ಉದಗೀರಗಳು ನಿಜಾಮರ ಆಳಿಕೆಯಲ್ಲಿದ್ದವು. ಸಂಸ್ಥಾನದೊಳಗಿನ ಟಪಾಲಿಗೆ ನಿಜಾಮರ ಚೀಟಿಗಳೇ ನಡೆಯುತ್ತಿದ್ದವು. ಸೆಪ್ಟೆಂಬರ್ 17ರಂದು ನಿಜಾಮರು ಶರಣಾದರು. 1950ರ ಏಪ್ರಿಲ್ 1ರಿಂದ ಭಾರತದ ಚೀಟಿಗಳೇ ಇಲ್ಲಿಯೂ ಚಲಾವಣೆಗೆ ಬಂದವು.

ನಿಜಾಮರ ಹಳೆಯ ಚೀಟಿಗಳನ್ನು ಕಡೆಗಣಿಸಬಾರದು. 1931ರ ಮಾಲೆಯಲ್ಲಿ ಚಾರಮಿನಾರಿನೊಡನೆ ಬೀದರದ ಮದರಸಾ ಇದೆ. ನಾಲ್ಕಾಣೆಯ ಚೀಟಿಯಲ್ಲಿ ಉಸ್ಮಾನಸಾಗರವಿದೆ. 1908ರ ಮೂಸಿ ನದಿಯ ಮಹಾಪೂರದ ತರುವಾಯ ಆ ಜಲಾಶಯಕ್ಕೆ ಸಲಹೆಯಿತ್ತವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. ಅವರು ಬದುಕಿರುವಾಗಲೇ, 1960ರ ಸೆಪ್ಟೆಂಬರ್ 15ರಂದು, ಅವರ ಚಿತ್ರವೇ ಚೀಟಿಯನ್ನೇರಿತು. ನೆರೆಯ ಕಲ್ಯಾಣದಲ್ಲಿ ಬಾಳಿದ ಬಸವೇಶ್ವರರ ಹದಿನೈದು ಪೈಸೆಯ ಚೀಟಿ 1967ರ ಮೇ 11ರಂದು ಹೊರಬಂದಿತು. ಇವನ್ನು ಒಂದೇ ಪುಟದಲ್ಲಿಟ್ಟು ನೋಡಿದರೆ ಕೆರೆಯೂ ಕಟ್ಟಿಸಿದವರೂ, ಅರಸೊತ್ತಿಗೆಯೂ ಪ್ರಜಾರಾಜ್ಯವೂ ಮಕ್ಕಳಿಗೆ ತಾವಾಗಿಯೇ ಪಾಠ ಹೇಳುತ್ತವೆ.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಬಾಲ್ಯದಲ್ಲಿ ನಾವು ಅಜ್ಜನ ಪೆಟ್ಟಿಗೆಯ ಕಾಗದಗಳಿಂದ ಗಾಂಧೀಜಿಯವರ ಚೀಟಿಗಳನ್ನು ಹರಿದುಕೊಂಡು, ಲಕೋಟೆಗಳನ್ನು ಒಲೆಗೆ ಹಾಕಿದೆವು. ಚೀಟಿಗಳು ಉಳಿದವು; ಅವು ಯಾವ ಊರಿನಿಂದ, ಯಾವ ದಿನ ಬಂದವೆಂದು ಹೇಳುವ ಅಂಚೆಯ ಮುದ್ರೆ ಹೋಯಿತು. ಅದಕ್ಕಿಂತ ಮಿಗಿಲಾಗಿ, ಅಜ್ಜನ ಹೆಸರನ್ನು ಕನ್ನಡದಲ್ಲಿ ಬರೆದಿದ್ದ ಕೈಬರಹ ಸುಟ್ಟುಹೋಯಿತು. ಅಂಥ ಚೀಟಿ ಇಂದಿಗೂ ಹಣಕ್ಕೆ ಸಿಕ್ಕೀತು. ಆ ಬರಹ ಸಿಕ್ಕದು.

1956ರಲ್ಲಿ ಗೆರೆಗಳು ಬದಲಾದವು. ಬೀದರವು ಮೈಸೂರು ರಾಜ್ಯಕ್ಕೂ ನಮ್ಮ ಭಾಗವು ಮುಂಬಯಿ ರಾಜ್ಯಕ್ಕೂ ಸೇರಿದವು. 1960ರಲ್ಲಿ ಮಹಾರಾಷ್ಟ್ರವಾಯಿತು. ಈ ಊರುಗಳಲ್ಲಿ ಕನ್ನಡವಿತ್ತೆಂಬುದಕ್ಕೆ ಭಾಷಣಗಳಿಗಿಂತ ಅಂಥ ಒಂದು ಲಕೋಟೆಯೇ ಹೆಚ್ಚಿನ ಸಾಕ್ಷಿ.

ಆದುದರಿಂದ ಬಾಲಮಿತ್ರರೇ, ಹಳೆಯ ಲಕೋಟೆಯನ್ನು ಇಡಿಯಾಗಿಯೇ ಕಾಪಾಡಿರಿ. ಬಿಡಿ ಚೀಟಿಗೆ ಅಂಟು ಬಳಿಯಬೇಡಿರಿ. ಬಿಸಿಲು, ತೇವ ತಾಕದಂತೆ ಇಡಿರಿ. ತಾಯಂದಿರೇ, ರದ್ದಿಗೆ ಹಾಕುವ ಮುನ್ನ ಪೆಟ್ಟಿಗೆಯನ್ನೊಮ್ಮೆ ಮಕ್ಕಳ ಮುಂದೆ ತೆರೆಯಿರಿ. ಆ ಕಾಗದವನ್ನು ಅವರು ಗಟ್ಟಿಯಾಗಿ ಓದಲಿ. ಇದಿಷ್ಟೇ ನಮ್ಮ ಬಿನ್ನಹ.