ಮಿತ್ರರು ತೆತ್ತ ಲೆಕ್ಕ



ಮಹಾಶಕ್ತಿಯೊಂದನ್ನು ಅದರ ಮಿತ್ರರು ಹೇಗೆ ನೋಡುತ್ತಾರೆಂಬ ಚರ್ಚೆಗೆ ದೆಹಲಿಯಷ್ಟೇ ಅಮ್ಮಸಂದ್ರವೂ ತಕ್ಕ ಜಾಗ. ಇಲ್ಲಿಂದ ಬೆಂಗಳೂರಿಗೆ ಹೋಗುವಾಗ ದಾಬಸ್‌ಪೇಟೆಯ ಹತ್ತಿರ ನಿಜಗಲ್ಲು ದುರ್ಗ ಸಿಗುತ್ತದೆ. 1770ರಲ್ಲಿ ಪೇಶ್ವೆ ಮಾಧವರಾಯನ ದಂಡು ಅದನ್ನು ಹೈದರಾಲಿಯಿಂದ ಕಿತ್ತುಕೊಂಡಿತು. ಆ ಹೊತ್ತಿಗೆ ಹೈದರನ ಬಳಿ ಈಸ್ಟ್ ಇಂಡಿಯಾ ಕಂಪನಿ ಬರೆದುಕೊಟ್ಟ ಕರಾರು ಇತ್ತು.

ಒಂದೇ ವರ್ಷದ ಹಿಂದೆ ಮದರಾಸಿನ ಬಾಗಿಲವರೆಗೆ ಕುದುರೆ ಓಡಿಸಿ ಬರೆಸಿಕೊಂಡಿದ್ದ ಕರಾರು ಅದು. ಇಬ್ಬರಲ್ಲಿ ಯಾರ ಮೇಲೆ ಯಾರೇ ಏರಿ ಬಂದರೂ ಇನ್ನೊಬ್ಬರು ನೆರವಿಗೆ ಬರಬೇಕು. ನೆರವಿಗೆ ಬಂದ ಕುದುರೆ ಸವಾರನಿಗೆ ತಿಂಗಳಿಗೆ 15 ರೂಪಾಯಿ, ಸಿಪಾಯಿಗೆ ಏಳೂವರೆ ಎಂದು ಸಂಬಳವನ್ನೂ ಗೊತ್ತು ಮಾಡಿದ್ದರು. ಮರಾಠರು ಬಂದಾಗ ಹೈದರ್ ಕೇಳಿದ, ಮತ್ತೆ ಕೇಳಿದ. ಮದರಾಸಿನಿಂದ ಒಬ್ಬ ಸಿಪಾಯಿಯೂ ಬರಲಿಲ್ಲ. 1771ರ ಮಾರ್ಚಿನಲ್ಲಿ ಚಿನಕುರಳಿಯ ಬಯಲಿನಲ್ಲಿ ಅವನ ಸೈನ್ಯ ನುಚ್ಚುನೂರಾಯಿತು. 1780ರಲ್ಲಿ ಅವನು ಕರ್ನಾಟಿಕ್ ಸೀಮೆಗೆ ನುಗ್ಗಿದ್ದಕ್ಕೆ ಮಾಹೆ ಬಂದರನ್ನು ಇಂಗ್ಲಿಷರು ಹಿಡಿದದ್ದು ಕಾರಣವೆಂದು ಪುಸ್ತಕಗಳು ಹೇಳುತ್ತವೆ. ಅದು ನಿಜವೇ. ಆದರೆ ಬೆಂಕಿ ಚಿನಕುರಳಿಯಿಂದಲೇ ಹೊಗೆಯಾಡುತ್ತಿತ್ತೆಂದು ನಾನು ನಂಬುತ್ತೇನೆ.

ನಿಜಾಮನದೂ ಇದೇ ಪಾಡು. ಟಿಪ್ಪುವಿನ ವಿರುದ್ಧ ಕಂಪನಿಯ ಜೊತೆ ನಿಂತವನನ್ನು 1795ರಲ್ಲಿ ಖರ್ಡಾದಲ್ಲಿ ಮರಾಠರು ಸೋಲಿಸಿದಾಗ ಕಂಪನಿ ಸುಮ್ಮನಿತ್ತು. ಅವನು ಮುನಿದು ದೂರ ಹೋದನೆ? ಸ್ವಲ್ಪ ಕಾಲ ಹೋದ. ಆದರೆ ಮೂರೇ ವರ್ಷಕ್ಕೆ, ಕಂಪನಿಯ ಸೈನ್ಯವನ್ನು ತನ್ನ ಖರ್ಚಿನಲ್ಲಿ ಸಾಕುವ ಸಹಾಯಕ ಸೈನ್ಯ ಪದ್ಧತಿಗೆ ಒಪ್ಪಿಕೊಂಡ. ಹೆದರಿದ ಮಿತ್ರ ಇನ್ನಷ್ಟು ಹತ್ತಿರ ಸರಿಯುತ್ತಾನೆ. ಈ ಸಂಕಿರಣ ಬಿಡಿಸಬೇಕಾದ ಗಂಟು ಇದೇ.

ಮಹಾಶಕ್ತಿಯ ಪ್ರಭಾವ ಏರಿದ್ದು ಅದರ ಘೋಷಣೆಗಳಲ್ಲಿ ಕಾಣುವುದಕ್ಕಿಂತ ಮಿತ್ರರು ತೆತ್ತ ಲೆಕ್ಕದಲ್ಲಿ ಚೆನ್ನಾಗಿ ಕಾಣುತ್ತದೆ. 1769ರಲ್ಲಿ ಸಿಪಾಯಿಯ ತಿಂಗಳ ಸಂಬಳವಾಗಿದ್ದದ್ದು 1799ರಲ್ಲಿ ಮೈಸೂರು ಕಂಪನಿಗೆ ವರ್ಷಕ್ಕೆ ತೆರಬೇಕಾದ 7 ಲಕ್ಷ ವರಹದ ಕಪ್ಪವಾಯಿತು. 1800ರಲ್ಲಿ ನಿಜಾಮ ಸೈನ್ಯದ ಖರ್ಚಿಗೆಂದು ಬಳ್ಳಾರಿ, ಅನಂತಪುರ, ಕಡಪದ ಸೀಮೆಯನ್ನೇ ಬಿಟ್ಟುಕೊಟ್ಟ. ಟಿಪ್ಪುವಿನ ಎದುರು ಇಂಗ್ಲಿಷರಿಗೆ ದಾರಿ ಕೊಟ್ಟು, ದವಸ ಕೊಟ್ಟು ನಿಂತ ಕೊಡಗು 1834ರಲ್ಲಿ ಇಡಿಯಾಗಿ ಕಂಪನಿಯ ಕೈಗೆ ಹೋಯಿತು.

ಈ ಕಣ್ಣಿನಿಂದ ಇಂದಿನ ಅಮೆರಿಕವನ್ನು ನೋಡೋಣ. 2025ರ ಜೂನಿನಲ್ಲಿ ಹೇಗ್ ನಗರದಲ್ಲಿ ನ್ಯಾಟೋ ದೇಶಗಳು 2035ರೊಳಗೆ ತಮ್ಮ ಒಟ್ಟು ಉತ್ಪನ್ನದ ಶೇ. 5ರಷ್ಟನ್ನು ರಕ್ಷಣೆಗೆ ಮತ್ತು ಅದಕ್ಕೆ ಸಂಬಂಧಿಸಿದ ಖರ್ಚಿಗೆ ಮೀಸಲಿಡಲು ಒಪ್ಪಿದವು. ಅದೇ ಆಗಸ್ಟಿನಲ್ಲಿ, ಕರಾರಿನ ಮಿತ್ರನಲ್ಲದಿದ್ದರೂ ಗೆಳೆಯನೆನಿಸಿಕೊಂಡ ಭಾರತದ ಹಲವು ಸರಕುಗಳ ಮೇಲೆ ಅಮೆರಿಕದ ಸುಂಕ ಶೇ. 50ಕ್ಕೇರಿತು. ಮಿತ್ರರ ಲೆಕ್ಕ ಏರುತ್ತಿದೆ. ಕಂಪನಿಯ ಕಾಲದಲ್ಲಿ ಇದು ಶಕ್ತಿ ಬೆಳೆಯುತ್ತಿದ್ದುದರ ಗುರುತು. ಇಂದು ಹೊರೆ ಇಳಿಸಲು ನೋಡುವ ದಣಿದ ಶಕ್ತಿಯ ಗುರುತೂ ಆಗಿರಬಹುದು. ನಾನು ಎರಡನೆಯದರ ಕಡೆಗೆ ವಾಲುತ್ತೇನೆ. ಒಪ್ಪದವರು ಇಂದು ಗಟ್ಟಿಯಾಗಿ ವಾದಿಸಬೇಕು.

ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎನ್ನುವ ನ್ಯಾಟೋ ಒಪ್ಪಂದದ ಐದನೇ ವಿಧಿ ಈವರೆಗೆ ಜಾರಿಗೆ ಬಂದದ್ದು ಒಂದೇ ಸಲ, 2001ರಲ್ಲಿ, ಅದೂ ಅಮೆರಿಕದ ಮೇಲೆ ದಾಳಿಯಾದಾಗ. ಅಂದು ಚಿಕ್ಕ ಮಿತ್ರರೇ ದೊಡ್ಡವನ ನೆರವಿಗೆ ಹೋದರು. ಮೊದಲ ಗೋಷ್ಠಿಯಲ್ಲಿ ಆ ವಿಧಿಯನ್ನೂ ಹೈದರನ ಕರಾರನ್ನೂ ಪಕ್ಕಪಕ್ಕದಲ್ಲಿಟ್ಟು ಓದಬೇಕೆಂದು ಕೇಳಿಕೊಳ್ಳುತ್ತೇನೆ.