ದುರ್ಮಾಂಸದ ಬುಡ

ಗೋವಾದ ಝುವಾರಿನಗರದ ಕನ್ನಡದ ಮನೆಗಳಲ್ಲಿ ‘ಮೂಗಿನಲ್ಲಿ ದುರ್ಮಾಂಸ ಬೆಳೆದಿದೆಯಂತೆ’ ಎಂಬ ಮಾತು ಕೇಳದವರು ಕಡಿಮೆ. ಬಹುಪಾಲು ಅದು ಸಾಮಾನ್ಯ ಪಾಲಿಪ್. ನಾನಿವತ್ತು ಹೇಳಹೊರಟಿರುವುದು ಅಪರೂಪದವುಗಳ ಕಥೆ: ಕ್ಯಾನ್ಸರ್ ಅಲ್ಲ, ಆದರೆ ತೆಗೆದರೂ ಮತ್ತೆ ಚಿಗುರುವಂಥವು.

ಸುಶ್ರುತನಿಗೂ ಮೂಗಿನ ಗಡ್ಡೆ ಗೊತ್ತಿತ್ತು. ಹಳೆಯ ಗ್ರೀಕ್ ವೈದ್ಯರು ಸ್ಪಂಜಿಗೆ ದಾರ ಕಟ್ಟಿ, ಮೂಗಿನಿಂದ ಬಾಯಿಯ ಕಡೆಗೆ ಎಳೆದು ಪಾಲಿಪ್ ಕೀಳುತ್ತಿದ್ದರು. ರೋಗಿಯ ಪಾಡು ಕೇಳಬೇಡಿ! ಅಷ್ಟಾದರೂ ಬುಡ ಒಳಗೇ ಉಳಿಯುತ್ತಿತ್ತು. ಒಳಗಿನವರೆಗೆ ತಲುಪುವ ದಾರಿ ಬಂದದ್ದು ಬಹಳ ಆಮೇಲೆ: 1893ರಲ್ಲಿ ನ್ಯೂಯಾರ್ಕಿನ ಕಾಲ್ಡ್‌ವೆಲ್, 1897ರಲ್ಲಿ ಪ್ಯಾರಿಸ್ಸಿನ ಲ್ಯೂಕ್, ಮೇಲ್ದುಟಿ ಎತ್ತಿ ಮೂಳೆ ಕೊರೆದು ಕೆನ್ನೆಯ ಸೈನಸ್ಸಿಗೆ, ಅಂದರೆ ಮೂಳೆಯೊಳಗಿನ ಗಾಳಿಗೂಡಿಗೆ, ದಾರಿ ಮಾಡಿದರು.

ಮತ್ತೆ ಚಿಗುರುವ ಗಡ್ಡೆಗಳಲ್ಲಿ ನಮ್ಮ ಕರಾವಳಿಗೆ ಹತ್ತಿರದ್ದು ಮೂಗಿನ ರೈನೋಸ್ಪೊರಿಡಿಯೋಸಿಸ್. ಕೇರಳ, ತಮಿಳುನಾಡು, ಶ್ರೀಲಂಕಾದಲ್ಲಿ ಕೆರೆ-ಹೊಂಡಗಳ ನಿಂತ ನೀರಿನಲ್ಲಿ ಮೀಯುವವರಲ್ಲಿ ಹೆಚ್ಚು. ಹಿಪ್ಪುನೇರಳೆ ಹಣ್ಣಿನಂಥ ಕೆಂಪು ಗಡ್ಡೆ, ಮೇಲೆ ಸಣ್ಣ ಬಿಳಿ ಚುಕ್ಕೆಗಳು, ಮುಟ್ಟಿದರೆ ರಕ್ತ. ಆ ಒಂದೊಂದು ಚುಕ್ಕೆಯೂ ಬೀಜಕ ತುಂಬಿದ ಚೀಲ. 1900ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಸೀಬರ್ ಇದನ್ನು ವಿವರಿಸಿದ. 1903ರಲ್ಲಿ ಕಲ್ಕತ್ತೆಯಿಂದ ಓಕಿನೀಲಿ ವರದಿ ಮಾಡಿದ. ಬಹುಕಾಲ ಶಿಲೀಂಧ್ರವೆಂದೇ ನಂಬಿದ್ದರು. 1999ರ ಹೊತ್ತಿಗೆ ವಂಶವಾಹಿ ಪರೀಕ್ಷೆ ಬೇರೆಯೇ ಹೇಳಿತು: ಇದು ಮೀನುಗಳನ್ನು ಕಾಡುವ ಪರಾವಲಂಬಿಗಳ ಬಂಧು. ಕತ್ತರಿಸಿ ಬುಡ ಸುಡುವುದೇ ಮುಖ್ಯ ಚಿಕಿತ್ಸೆ. ಮರುಕಳಿಸದಿರಲಿ ಎಂದು ಕೆಲವರಿಗೆ ಡ್ಯಾಪ್ಸೋನ್ ಮಾತ್ರೆಯನ್ನೂ ಕೊಡುತ್ತಾರೆ.

ಸೈನಸ್ಸಿನಲ್ಲೇ ಬೇರೂರುವ ಇನ್ನೊಂದು, ಇನ್ವರ್ಟೆಡ್ ಪ್ಯಾಪಿಲೋಮಾ. ಇದರ ಪೊರೆ ಹೊರಕ್ಕೆ ಚಾಚದೆ ಒಳಕ್ಕೇ ಮಡಿಚಿಕೊಂಡು ಬೆಳೆಯುವುದನ್ನು 1938ರಲ್ಲಿ ರಿಂಗರ್ಟ್ಸ್ ವಿವರಿಸಿದರು. ಸಾಮಾನ್ಯವಾಗಿ ಒಂದೇ ಹೊಳ್ಳೆ ಕಟ್ಟುತ್ತದೆ. ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುವುದೂ ಉಂಟು. ಹಾಗಾಗಿ ‘ಸಾದಾ ಗಡ್ಡೆ’ ಎಂಬ ಸಮಾಧಾನ ನನಗೆ ಒಪ್ಪಿಗೆಯಿಲ್ಲ.

ಇಂಥ ಗಡ್ಡೆಗಳ ಬುಡ ಕಣ್ಣಿಗೆ ಬಿದ್ದದ್ದು ಈಚೆಗೆ. ಭೌತವಿಜ್ಞಾನಿ ಹಾಪ್ಕಿನ್ಸ್ ರೂಪಿಸಿದ ಗಾಜಿನ ದಂಡದ ಎಂಡೋಸ್ಕೋಪನ್ನು ಆಸ್ಟ್ರಿಯಾದ ಗ್ರಾಜ್‌ನಲ್ಲಿ ಮೆಸ್ಸರ್‌ಕ್ಲಿಂಗರ್ ಮೂಗಿನೊಳಗೆ ಇಳಿಸಿ ಸೈನಸ್ಸಿನ ದಾರಿಗಳನ್ನು ಅಭ್ಯಾಸ ಮಾಡಿದರು. 1971ರಲ್ಲಿ ಸಿ.ಟಿ. ಸ್ಕ್ಯಾನ್ ಬಂತು. ಪ್ಯಾಪಿಲೋಮಾ ಅಂಟಿದ ಕಡೆ ಮೂಳೆ ಅನೇಕ ಸಲ ದಪ್ಪಗಾಗಿರುತ್ತದೆ. ಸ್ಕ್ಯಾನಿನಲ್ಲಿ ಆ ಜಾಗ ಹುಡುಕಿಟ್ಟುಕೊಂಡು, ಗಡ್ಡೆ ತೆಗೆದ ಮೇಲೆ ಅಲ್ಲಿನ ಮೂಳೆಯನ್ನೂ ಡ್ರಿಲ್‌ನಿಂದ ಸವೆಸುತ್ತಾರೆ.

ಝುವಾರಿ ನದಿಯಾಚೆ ಬಾಂಬೋಳಿಯಲ್ಲಿ, 1842ರ ಪೋರ್ಚುಗೀಸ್ ವೈದ್ಯಶಾಲೆಯ ವಾರಸುದಾರ ಗೋವಾ ಮೆಡಿಕಲ್ ಕಾಲೇಜಿದೆ. ಒಂದೇ ಹೊಳ್ಳೆ ವಾರಗಟ್ಟಲೆ ಕಟ್ಟಿದ್ದರೆ, ರಕ್ತ ಒಸರುತ್ತಿದ್ದರೆ ಕಿವಿ-ಮೂಗು-ಗಂಟಲು ವಿಭಾಗಕ್ಕೆ ತೋರಿಸಿ. ಆಪರೇಷನ್ ಆದವರು ಬಯಾಪ್ಸಿ ವರದಿ ಕೇಳಿ ಇಟ್ಟುಕೊಳ್ಳಿ. ಪ್ಯಾಪಿಲೋಮಾ ಎಂದಿದ್ದರೆ ಮೂಗು ಸಲೀಸಾಗಿದ್ದರೂ ವರ್ಷಗಳ ಕಾಲ ತಪಾಸಣೆಗೆ ಹೋಗಬೇಕಾಗುತ್ತದೆ.